ಮಾಬ್ಲೇಶ್ವರನ ಪಾಲು

ಬೆಳಗಾದರೆ ಮಾಜಾಳಿಯಿಂದ ಐವತ್ತು ಸಾವಿರ ಜನ ಗೋವಾ ಕಡೆ ಕೆಲಸಕ್ಕೆ ಹೊರಡುತ್ತಾರೆ. ಊರಿನಲ್ಲಿ ಅಷ್ಟು ಜನರೇ ಇಲ್ಲ ಎಂದು ನನ್ನ ಹೆಂಡತಿ ಕಲಾವತಿ ಹೇಳುತ್ತಾಳೆ. ಇರಲಿ, ಅವಳಿಗೆ ಎಣಿಸುವ ಚಟ. ಅಷ್ಟೂ ಜನ ಉತ್ತರಕ್ಕೆ ಮುಖ ಮಾಡಿ ಬಸ್ಸು ಕಾಯುವ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುವ ಗಂಡಸು ಒಬ್ಬನೇ, ದೇವಿದಾಸನೆಂಬ ನಾನು. ಕಾರವಾರದಲ್ಲಿ ಬಸ್ಸು ಬದಲಿಸಿ ಅಂಕೋಲೆಗೆ, ಅಲ್ಲಿಂದ ಕೇಣಿಯ ಐಸ್ ಫ್ಯಾಕ್ಟರಿಗೆ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿಯ ಯಂತ್ರ ನೋಡಿಕೊಳ್ಳುವವನು ನಾನೇ. ಈ ಅವಧಿಯಲ್ಲಿ ಕೇಣಿಯ ಒಂದು ಬಂಗಡೆಯಾದರೂ ವಾಸನೆ ಹಿಡಿಯದೆ ಹುಬ್ಬಳ್ಳಿ ಮುಟ್ಟಿದ್ದರೆ ಅದರ ಪುಣ್ಯ ನನಗೇ ಸೇರಬೇಕು.

ಐಸ್ ಫ್ಯಾಕ್ಟರಿಯ ಕೆಲಸವೆಂದರೆ ಮುಖ್ಯವಾಗಿ ಕಾಯುವುದು. ಡಬ್ಬಿಗಳಿಗೆ ನೀರು ತುಂಬಿ ಉಪ್ಪುನೀರಿನ ತೊಟ್ಟಿಗೆ ಇಳಿಸಿದ ಮೇಲೆ ಅದು ಗಟ್ಟಿಯಾಗಲು ಸುಮಾರು ಒಂದು ದಿನ ಬೇಕು. ಜಿಲ್ಲಾಧಿಕಾರಿ ಬಂದು ಆರ್ಡರು ಮಾಡಿದರೂ ಅದಕ್ಕಿಂತ ಬೇಗ ಆಗುವುದಿಲ್ಲ. ಆ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ಮೊಬೈಲು ನೋಡುತ್ತಿದ್ದರು. ನಾನು ಕಾದಂಬರಿ ಬರೆದೆ. ಹೆಸರು ‘ಲವಣಖಂಡ’. ಸಮುದ್ರದಡಿಯ ಎರಡು ರಾಜ್ಯಗಳು, ಇಬ್ಬರು ರಾಜರು, ಏಳು ತಲೆಯ ಏಡಿ, ಮಾತಾಡುವ ಶಂಖ, ತೊಂಬತ್ತು ವರ್ಷದ ಯುದ್ಧ. ಇಂಥ ಕಲ್ಪನೆ ಭೂಮಿ ತಣ್ಣಗಾದಂದಿನಿಂದ ಯಾರ ತಲೆಗೂ ಬಂದಿಲ್ಲ. ಫ್ಯಾಕ್ಟರಿಯವರು ಬೇಡವೆಂದು ಮೂಲೆಗೆ ಎಸೆದಿದ್ದ ದಪ್ಪ ರಿಜಿಸ್ಟರೊಂದರಲ್ಲಿ ಬರೆದೆ. ಒಟ್ಟು ಆರುನೂರ ಹನ್ನೆರಡು ಪುಟ. ನನ್ನ ಮಾತಿನಲ್ಲಿ ಬರುವ ಸಂಖ್ಯೆಗಳಲ್ಲಿ ನೀವು ಕಣ್ಣುಮುಚ್ಚಿ ನಂಬಬಹುದಾದದ್ದು ಇದೊಂದೇ, ಯಾಕೆಂದರೆ ಪುಟದ ನಂಬರುಗಳನ್ನು ಅಚ್ಚು ಹಾಕಿಸಿದ್ದು ನಾನಲ್ಲ.

ಬರೆದದ್ದು ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಕೊಂಕಣಿ. ಅಮ್ಮ ಬೈದದ್ದು, ಕಲಾವತಿ ಈಗಲೂ ಬೈಯುವುದು, ನಾನು ಕನಸಿನಲ್ಲಿ ಬಡಬಡಿಸುವುದು ಎಲ್ಲ ಕೊಂಕಣಿಯೇ. ಕನ್ನಡ ನನಗೆ ಶಾಲೆಯಲ್ಲಿ ಸಿಕ್ಕಿದ್ದು. ಕೊಂಕಣಿಯಲ್ಲೇ ಬರೆಯಬಾರದೇ ಎಂದು ಕಲಾವತಿ ಕೇಳಿದ್ದುಂಟು. ಹಾಗೆ ಬರೆಯಲು ಕೂತದ್ದೂ ಉಂಟು. ಏಳು ತಲೆಯ ಏಡಿ ಬಂತು ಎಂದು ಕೊಂಕಣಿಯಲ್ಲಿ ಬರೆದ ಕೂಡಲೇ, ತೀರಿಕೊಂಡು ಎಂಟು ವರ್ಷವಾದ ಅಮ್ಮ ಅಡುಗೆಮನೆಯಿಂದಲೇ, “ಎಲ್ಲಿ, ತೋರಿಸು” ಎಂದಂತಾಯಿತು. ಮನೆಮಾತಿನಲ್ಲಿ ಸುಳ್ಳು ಹೇಳಿದರೆ ಕಿವಿ ಹಿಂಡಲು ಜನ ಇರುತ್ತಾರೆ. ಕನ್ನಡದಲ್ಲಿ ನನ್ನ ಕಿವಿ ಯಾರ ಕೈಗೂ ಎಟಕುವುದಿಲ್ಲ ಎಂದುಕೊಂಡಿದ್ದೆ.

ಫ್ಯಾಕ್ಟರಿಯ ಹಿಂದೆಯೇ ಸಮುದ್ರ. ದಂಡೆಯ ಮೇಲೆ ರಂಪಣಿಯವರ ಚಪ್ಪರ. ರಂಪಣಿಯೆಂದರೆ ಒಬ್ಬಿಬ್ಬರ ಬಲೆಯಲ್ಲ. ದೋಣಿ ಸಮುದ್ರಕ್ಕೆ ಹೋಗಿ ಉದ್ದನೆಯ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬರುತ್ತದೆ, ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ನಿಂತ ನಲವತ್ತು ಐವತ್ತು ಜನ ಎಳೆಯುತ್ತಾರೆ. ಕೇಣಿಯ ಈ ತಂಡದ ಕಟ್ಟಳೆ ಸರಳ: ಬಲೆಯ ಹೊಟ್ಟೆ ಮರಳು ಮುಟ್ಟುವ ಮೊದಲು ಯಾರು ಹಗ್ಗಕ್ಕೆ ಕೈ ಹಚ್ಚಿದರೋ ಅವರಿಗೆಲ್ಲ ಪಾಲು. ಎಳೆದವ ಜ್ವರ ಬಂದು ಮಲಗಿದರೆ ಪಾಲು ಮನೆಗೆ ಹೋಗುತ್ತದೆ. ಸತ್ತರೂ ಆ ವರ್ಷದ ಮಟ್ಟಿಗೆ ಮನೆಗೆ ಹೋಗುತ್ತದೆ. ಮಳೆಗಾಲದ ಮುಂಚೆ ದೋಣಿಯನ್ನು ದಂಡೆಗೆ ಏರಿಸುವ ದಿನ ಎಲ್ಲರ ಪಾಲೂ ಮುಟ್ಟಿರಬೇಕು. ಯಾರದನ್ನಾದರೂ ಇಟ್ಟುಕೊಂಡವನನ್ನು ಮತ್ತೆ ಹಗ್ಗಕ್ಕೂ ಸೇರಿಸುವುದಿಲ್ಲ, ಚಪ್ಪರಕ್ಕೂ ಸೇರಿಸುವುದಿಲ್ಲ.

ಮಧ್ಯಾಹ್ನ ಅವರು ಅಲ್ಲಿ ಕೂತು ಹರಿದ ಬಲೆ ಹೆಣೆಯುತ್ತಾರೆ. ಕೈಗೆ ಕೆಲಸ, ಕಿವಿ ಖಾಲಿ. ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಗಬೇಕು? ಎರಡು ವರ್ಷದ ಹಿಂದೆ ಒಂದು ದಿನ ರಿಜಿಸ್ಟರು ಬಗಲಲ್ಲಿಟ್ಟುಕೊಂಡು ಹೋಗಿ ಮೊದಲ ಅಧ್ಯಾಯ ಓದಿದೆ. ನನ್ನ ರಾಜ ಚಂಡಮಾರುತದ ನಡುವೆ ಸಿಂಹಾಸನದಿಂದೆದ್ದು ಗರ್ಜಿಸುತ್ತಾನೆ: “ಹೇ ನಾವಿಕರೇ, ಪ್ರತಿಕೂಲ ಹವಾಮಾನದ ನಿಮಿತ್ತ ನೌಕಾಯಾನವನ್ನು ಸ್ಥಗಿತಗೊಳಿಸತಕ್ಕದ್ದು!”

ದೋಣಿಗೂ ಬಲೆಗೂ ಯಜಮಾನನಾದ ತಾಂಡೇಲ ಮಂಜು ತಲೆ ಎತ್ತಿದ.

“ಯಾವ ಇಲಾಖೆ ರಾಜ ಮಾರಾಯಾ ಅಂವ?”

ನಕ್ಕ ನಗೆಗೆ ಚಪ್ಪರದ ತೆಂಗಿನ ಮಡಲು ಹಾರಿ ಬೇಲೇಕೇರಿಯಲ್ಲಿ ಬಿತ್ತು. ನಗದೆ ಕೂತವನು ಒಬ್ಬನೇ. ಮೂಲೆಯಲ್ಲಿ ಕಾಲು ಮಡಚಿ ಬಲೆಯ ಕಣ್ಣು ಎಣಿಸುತ್ತಿದ್ದ ಮಾಬ್ಲೇಶ್ವರ. ಅರವತ್ತೈದು ದಾಟಿದವ. “ಗಾಳಿ ಕೆಟ್ಟಿದು, ದೋಣಿ ಮೇಲೆ ತಗೀರಿ. ಅಷ್ಟೇ ಹೇಳೂದು,” ಎಂದ. “ರಾಜ ಆದ್ರೂ ಗಾಳಿಲಿ ನಿಂತವಂಗೆ ಅಷ್ಟುದ್ದ ಮಾತಾಡೂಕೆ ಉಸ್ರು ಇರೂದಿಲ್ಲ, ತಮಾ.”

ಅಲ್ಲಿಂದ ಶುರುವಾಯಿತು. ನಾನು ಓದುವುದು, ಅವರು ತಿದ್ದುವುದು. ಅಲೆಗೆ ಎಷ್ಟು ಹೆಸರು, ಹಗ್ಗಕ್ಕೆ ಎಷ್ಟು ಗಂಟು, ಗಾಳಿ ಯಾವ ಮೂಲೆಯಿಂದ ಬಂದರೆ ಏನೆಂದು ಬೈಯಬೇಕು, ಎಲ್ಲ ಅವರೇ ಕೊಟ್ಟರು. ಮಾಬ್ಲೇಶ್ವರ ಒಬ್ಬನಿಂದಲೇ ಮುನ್ನೂರು ಮಾತು ತೆಗೆದುಕೊಂಡಿದ್ದೇನೆ. ಇದಕ್ಕೆ ರಿಜಿಸ್ಟರಿನ ಹಿಂದಿನ ರಟ್ಟೇ ಸಾಕ್ಷಿ. ಕಾದಂಬರಿಯಲ್ಲಿ ಎರಡು ಸೈನ್ಯಕ್ಕೂ ಸೇರದ ಒಬ್ಬ ದೋಣಿಯವ ಬೇಕಾದಾಗ, “ನನ್ ಹೆಸ್ರೇ ಹಾಕು, ಪುಕ್ಕಟೆ,” ಎಂದವನೂ ಅವನೇ. ಹಾಕಿದೆ.

ಹೀಗೆ ಆರುನೂರ ಹತ್ತನೆಯ ಪುಟದ ಹೊತ್ತಿಗೆ ದೋಣಿಯವ ಮಾಬ್ಲೇಶ್ವರ ಇಬ್ಬರು ರಾಜರನ್ನೂ ಒಂದೇ ದೋಣಿಯಲ್ಲಿ ಕೂರಿಸಿಕೊಂಡು ಸಾವಿರ ಸುಳಿಯ ಬಾಯಿಗೆ ಬಂದು ನಿಂತಿದ್ದ. ಹಿಂದೆ ಹೋದರೆ ಏಳು ತಲೆಯ ಏಡಿ. ಮುಂದೆ ಹೋದರೆ ಸುಳಿ. ಅಷ್ಟು ದೊಡ್ಡ ಸುಳಿಯನ್ನು ನಾನು ಎಷ್ಟು ಚೆನ್ನಾಗಿ ಬರೆದಿದ್ದೆನೆಂದರೆ ಅದರಿಂದ ಯಾರನ್ನೂ ದಾಟಿಸಲು ನನಗೇ ಸಾಧ್ಯವಾಗಲಿಲ್ಲ. ಚಪ್ಪರದಲ್ಲಿ ಕೇಳಿದೆ. ಮಾಬ್ಲೇಶ್ವರ, “ನಾ ಹೇಳ್ತೆ. ಈಗ ಬಲೆ ಬಂತು, ಏಳು,” ಎಂದು ಎದ್ದು ಹೋದ.

ಮರುವಾರ ಅವನಿಗೆ ಕಾಮಾಲೆಯಾಯಿತು. ಕಾರವಾರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ತೀರಿಕೊಂಡ. ಈ ಎರಡು ವಾಕ್ಯಗಳಿಗೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ.

ಮೇ ತಿಂಗಳು ಬಂತು. ದೋಣಿ ಏರಿಸಲು ಎರಡು ವಾರ ಇರುವಾಗ ಮಂಜು ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಬಂದು ನಿಂತ. ಬಾಗಿಲು ಪೂರ್ತಿ ಮುಚ್ಚಿಹೋಗುವಷ್ಟು ಆಳು.

“ಹೋಯ್ ಕಾದಂಬರಿ, ಪಾಲಿನ ಲೆಕ್ಕ ಎಂತಾ ಮಾಡಿದ್ಯೋ?”

“ಯಾವ ಪಾಲು?”

“ನಿನ್ ಬುಕ್ಕಿಂದು. ಹಗ್ಗ ಎಳ್ದೋರು ನಾವು. ಬರೀ ನೀ ಒಬ್ನೇ ಎಳ್ದಿದ್ರೆ ನಿನ್ ರಾಜ ಇನ್ನೂ ನೋಟೀಸ್ ಓದ್ತಾ ಇರ್ತಿದ್ದ.”

ನಾನು ನಗಲು ಬಾಯಿ ತೆರೆದೆ. ಅವನು ನಗುತ್ತಿರಲಿಲ್ಲ. ಪುಸ್ತಕವನ್ನೂ ಅವರು ಬಲೆಯ ಸಾಲಿಗೇ ಸೇರಿಸಿಬಿಟ್ಟಿದ್ದರು. ಕೈ ಹಚ್ಚಿದ ಮೇಲೆ ಪಾಲು. ಪುಣ್ಯಕ್ಕೆ ಯಾರೂ ದುಡ್ಡು ಕೇಳಲಿಲ್ಲ. ದೊಡ್ಡ ಹಡಗಿಗೆ ತನ್ನ ದೋಣಿಯ ಹೆಸರಿಡಬೇಕೆಂದು ಮಂಜು ಕೇಳಿದ, ಇಟ್ಟೆ. ಎಡಗಡೆಯ ಹಗ್ಗ ಎಳೆಯುವ ಗಂಗೂ ತನ್ನ ಹೆಸರಿನ ರಾಣಿಯೊಬ್ಬಳು ಬೇಕು, ಅವಳು ಇಡೀ ಪುಸ್ತಕದಲ್ಲಿ ಒಂದು ಸಲವೂ ಒಲೆ ಹಚ್ಚಬಾರದು ಎಂದಳು. ಮೂವತ್ತೆರಡು ಕಡೆ ತಿದ್ದಬೇಕಾಯಿತು. ಒಬ್ಬ ತನ್ನ ಭಾವನನ್ನು ಏಡಿಗೆ ತಿನ್ನಿಸಲು ಹೇಳಿದ, ಅದನ್ನು ಖುಷಿಯಿಂದಲೇ ಮಾಡಿದೆ.

“ಮಾಬ್ಲೇಶ್ವರನ ಪಾಲು ದುರ್ಗಿಗೆ,” ಎಂದ ಮಂಜು. “ಎಲ್ಲರಕಿಂತ ಹೆಚ್ಚು ಎಳ್ದವ ಅಂವ. ದೋಣಿ ಏರ್ಸು ದಿನ ಎಲ್ಲರ ಎದುರು ಕೊಡ್ಬೇಕು. ಇಲ್ದಿದ್ರೆ ಗೊತ್ತಲ್ಲ?”

ಗೊತ್ತಿತ್ತು. ಚಪ್ಪರ ಮುಚ್ಚಿದರೆ ನನ್ನ ಕಾದಂಬರಿ ಸುಳಿಯ ಬಾಯಲ್ಲೇ ಕೊಳೆಯುತ್ತದೆ. ಮುಂದೆ ಬರೆಯಲಿರುವ ಇನ್ನೂ ಹದಿನಾಲ್ಕು ಕಾದಂಬರಿಗಳ ಗತಿಯೂ ಅಷ್ಟೇ.

ದುರ್ಗಿ ಮಾಬ್ಲೇಶ್ವರನ ಹೆಂಡತಿ. ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಾಳೆ, ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ನಮ್ಮಲ್ಲಿಗೆ ಐಸಿಗೆ ಬರುತ್ತಾಳೆ. ಕೊಡುವುದು ಸುಲಭ ಎಂದುಕೊಂಡೆ. ಅಂದು ಮಧ್ಯಾಹ್ನವೇ ಕೂತು, ಹಾಳೆ ಉಳಿಸಲೆಂದು ಡೆಲಿವರಿ ಚೀಟಿಗಳ ಬೆನ್ನಿಗೆ ಬರೆದೆ. ನನ್ನ ಜೀವಮಾನದ ಶ್ರೇಷ್ಠ ಬರಹ. ಮಾಬ್ಲೇಶ್ವರ ಎದ್ದು ನಿಂತಾಗ ಅವನ ತಲೆ ಮೋಡಕ್ಕೆ ತಾಗುತ್ತದೆ, ಗಡ್ಡದಲ್ಲಿ ಸಮುದ್ರದ ಪಾಚಿ ತೂಗುತ್ತದೆ, ಬಗ್ಗಿ ಸಾವಿರ ಸುಳಿಯನ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತಾನೆ. ಮರುದಿನ ಐಸು ಒಡೆಯುತ್ತ ದುರ್ಗಿಗೆ ಓದಿ ಹೇಳಿದೆ. ಓದುವಾಗ ನನ್ನ ಕಣ್ಣಲ್ಲೇ ನೀರು ಬಂತು.

ಅವಳು ಬುಟ್ಟಿಯ ಬಾಯಿಗೆ ಗೋಣಿ ಮುಚ್ಚುತ್ತ ಕೇಳಿದಳು: “ಇಂವ ಯಾರು?”

“ನಿನ್ನ ಯಜಮಾನ್ರು, ಅಕ್ಕಾ.”

“ನಮ್ಮನೆವ್ರಿಗೆ ಒಂದ್ ಲೋಟ ಕಷಾಯ ಕುಡೀಲಿಕ್ಕೆ ಅರ್ಧ ತಾಸು ಬೇಕಿತ್ತು. ಇಡೀ ಸುಳಿ ಕುಡಿದ್ರಾ?” ಬುಟ್ಟಿ ತಲೆಗೇರಿಸಿದಳು. “ಇದು ಯಾರದ್ದೋ ಪಾಲು, ತಮಾ. ತಪ್ಪಿ ನನ್ ಬುಟ್ಟಿಗೆ ಹಾಕಿದ್ದಿ.”

ನಾನು ಸೋಲುವವನಲ್ಲ. ಎತ್ತರವನ್ನು ಮೋಡದಿಂದ ಏಳು ಅಡಿಗೆ ಇಳಿಸಿದೆ. ಗಡ್ಡ ಬೋಳಿಸಿದೆ. ಕುಡಿಯುವುದನ್ನು ಬಿಡಿಸಿ, ಇಬ್ಬರು ರಾಜರನ್ನೂ ಹೆಗಲ ಮೇಲೆ ಹೊತ್ತುಕೊಂಡು ಸುಳಿಯನ್ನು ಈಜಿ ದಾಟಿಸಿದೆ. ಇಷ್ಟು ಕಂಜೂಸಿಯಿಂದ ನಾನು ಎಂದೂ ಬರೆದವನಲ್ಲ. ಎರಡು ದಿನ ಬಿಟ್ಟು ಓದಿದೆ.

“ಏಳಡಿಯಾ? ನಮ್ಮನೆ ಬಾಗ್ಲು ಇರೂದೇ ಐದೂವರೆ. ಅವ್ರು ಬಗ್ಗದೆ ಒಳಗೆ ಬರ್ತಿದ್ರು,” ಎಂದಳು. “ನಿಂತ್ರೆ ನನ್ ಕಿವಿ ತನಕ. ಮತ್ತೆ ಅವ್ರಿಗೆ ಈಜು ಬರ್ತಿರ್ಲಿಲ್ಲ.”

ನನ್ನ ಕೈಯಿಂದ ಐಸು ಒಡೆಯುವ ಕೊಡತಿ ಬಿತ್ತು. “ಐವತ್ತು ವರ್ಷ ದೋಣಿ ಹತ್ತಿದವರಿಗೆ ಈಜು ಬರ್ತಿರಲಿಲ್ವಾ?”

“ಹತ್ತಿದ್ರು. ನಡುನೀರಲ್ಲಿ ಇಳೀತಿರ್ಲಿಲ್ಲ.” ಅವಳು ಹೊರಟವಳು ತಿರುಗಿ ನಿಂತಳು. “ನೋಡು ತಮಾ, ಅವ್ರ ಒಂದು ಫೋಟೊ ಇದೆ, ಆಧಾರ್ ಕಾರ್ಡಿಂದು. ಅದ್ರಲ್ಲಿ ಅವ್ರ ಮುಖ ಅವ್ರಿಗೇ ಗುರ್ತು ಸಿಕ್ತಿರ್ಲಿಲ್ಲ. ಮಗ್ಳು ಮನಿಷಾಳ ಮಕ್ಳು ನಾಳೆ ನಿನ್ ಬುಕ್ಕೇ ಓದೂದು. ಅಜ್ಜ ಮೋಡಕ್ಕೆ ತಾಗ್ತಿದ್ದ ಅಂತ ಓದಿದ್ರೆ, ನಾನು ಅರವತ್ತು ವರ್ಷ ಯಾರ ಜೊತೆ ಇದ್ದೆ?”

ನಲವತ್ತಿರಬೇಕು. ಅರವತ್ತೆಂದರೆ ಅವಳ ಇಡೀ ವಯಸ್ಸೇ ಆಯಿತು. ಆದರೆ ನಾನು ಬೇರೆಯವರ ಸಂಖ್ಯೆಯನ್ನು ತಿದ್ದುವವನಲ್ಲ.

ಅಂದು ಸಂಜೆ ಮಾಜಾಳಿಗೆ ಬಂದು ಊಟ ಬೇಡವೆಂದೆ. ನಾನು ಊಟ ಬೇಡವೆಂದದ್ದು ಮದುವೆಯಾದ ಮೇಲೆ ಮೊದಲ ಸಲ, ಹಾಗಾಗಿ ಕಲಾವತಿ ಹೆದರಿ ಪಕ್ಕ ಬಂದು ಕೂತಳು. ಎಲ್ಲ ಹೇಳಿದೆ. ಅವಳು ಕನ್ನಡದ ಒಂದು ಸಾಲೂ ಓದಿದವಳಲ್ಲ, ಆದರೂ ಕೇಳಿದ್ದು ಸರಿಯಾಗಿಯೇ ಕೇಳಿದಳು.

“ಆ ಮನುಷ್ಯನಿಗೆ ಏನು ಇಷ್ಟ ಇತ್ತು?”

“ಗೊತ್ತಿಲ್ಲ.”

“ಮಕ್ಕಳೆಷ್ಟು?”

“ಮನಿಷಾ ಅಂತ ಒಬ್ಬಳು... ಇನ್ನೂ ಇರಬಹುದು.”

“ಎರಡು ವರ್ಷ ಎದುರು ಕೂತು ಮುನ್ನೂರು ಮಾತು ತಗೊಂಡಿ. ಅವನನ್ನು ಒಂದು ಮಾತು ಕೇಳಲಿಲ್ಲವಾ?”

ಕೊಂಕಣಿಯಲ್ಲಿ ಕೇಳಿದ್ದರಿಂದ ಅದು ನೇರವಾಗಿ ಕಿವಿಗೇ ಬಂತು. ಹಿಂಡಿದ ಹಾಗೆ.

ಭಾನುವಾರ ರಜೆ ಇದ್ದರೂ ಕೇಣಿಗೆ ಹೋದೆ. ಮನೆಯ ಬಾಗಿಲು ಐದೂವರೆ ಅಡಿಯೇ. ನನ್ನ ಹಣೆಗೆ ತಗುಲಿ ತೆಂಗಿನಕಾಯಿಯಷ್ಟು ದೊಡ್ಡ ಬುಗುಟು ಎದ್ದಿತು. ದುರ್ಗಿ ಅಂಗಳದಲ್ಲಿ ಕೂತು ಮೀನು ಸೀಳಿ ಉಪ್ಪು ಹಚ್ಚುತ್ತಿದ್ದಳು. ಮಗಳು ಮನಿಷಾ ತವರಿಗೆ ಬಂದವಳು ಸೀಳಿದ್ದನ್ನು ಚಾಪೆಯ ಮೇಲೆ ಹರಡುತ್ತಿದ್ದಳು.

“ಓದೂಕೆ ಬಂದ್ಯಾ?” ಎಂದಳು ದುರ್ಗಿ.

“ಇಲ್ಲ ಅಕ್ಕಾ. ಕೇಳಲಿಕ್ಕೆ.”

ಹಾಗೆ ಹೇಳಿ ಸುಮ್ಮನೆ ಕೂತೆ. ನಾನು ಸುಮ್ಮನೆ ಕೂತದ್ದನ್ನು ನೋಡಿದವರು ಜಗತ್ತಿನಲ್ಲಿ ಆ ಇಬ್ಬರು ಹೆಂಗಸರು ಮಾತ್ರ. ದುರ್ಗಿ ಮೊದಲು ನಾಲ್ಕು ಮೀನು ಸೀಳಿದಳು. ಆಮೇಲೆ ಮೀನಿಗೊಂದರಂತೆ ಒಂದೊಂದು ಮಾತು ಹೊರಬಿತ್ತು. ಅವ್ರಿಗೆ ಕಪ್ಪೆ ಕಂಡರೆ ಹೆದರಿಕೆ. ಸಮುದ್ರಕ್ಕೆ ಹೋಗುವ ಮೊದಲು ತಲೆ ಬಾಚುತ್ತಿದ್ದರು, ಯಾರು ನೋಡೂಕೆ ಅಂತ ನಾ ಕೇಳ್ತಿದ್ದೆ. ಕಾಲು ಹುಟ್ಟಿನಿಂದಲೇ ಸೊಟ್ಟ. ಗಂಜಿಗೆ ಉಪ್ಪಿನಕಾಯಿ ಸಾಲದು, ಬೆಲ್ಲವೂ ಬೇಕು.

“ಅಳಿವೆ ಕತೆ ಹೇಳಬ್ಬೆ,” ಎಂದಳು ಮನಿಷಾ.

“ಅದು ಬೇಡ.”

“ಅಪ್ಪ ಇದ್ದಿದ್ರೆ ಅಂವ್ನೇ ಹೇಳ್ತಿದ್ದ.”

“ಅವ್ರು ಒಂದಿನಾನೂ ಹೇಳಿದವ್ರಲ್ಲ.” ಕೈಯಲ್ಲಿದ್ದ ಮೀನು ಮುಗಿಸಿ, ಕತ್ತಿ ಕೆಳಗಿಟ್ಟು ದುರ್ಗಿಯೇ ಹೇಳಿದಳು.

ಇಪ್ಪತ್ತು ವರ್ಷದ ಹಿಂದಿನ ಮಾತು. ಆರು ಜನ ದೋಣಿಯಲ್ಲಿ ವಾಪಸು ಬರುತ್ತಿದ್ದರು. ಹಳ್ಳ ಸಮುದ್ರಕ್ಕೆ ಸೇರುವ ಅಳಿವೆಯ ಬಾಯಲ್ಲಿ ಅಲೆ ಎದ್ದು ಒಡೆಯುತ್ತಿತ್ತು. ಒಳಗೆ ನುಗ್ಗೋಣ, ದಂಡೆ ಇಲ್ಲೇ ಕಾಣ್ತದೆ ಎಂದು ಐದು ಜನ ಕೂಗಾಡಿದರು. ಮಾಬ್ಲೇಶ್ವರ ಹುಟ್ಟನ್ನು ಒಳಗೆಳೆದು ಲಂಗರು ಬಿಟ್ಟ. ಬೀಡಿ ಹಚ್ಚಿದ. ‘ನೀರು ತಿರಗ್ಲಿ’ ಎಂದ. ಆರು ತಾಸು ಹಾಗೇ ಕೂತರು. ಇಳಿತ ಮುಗಿದು ನೀರು ತಿರುಗಿತು, ಅಲೆ ಮಲಗಿತು, ಅಂಗಳಕ್ಕೆ ಬಂದಷ್ಟು ಸುಲಭವಾಗಿ ಒಳಗೆ ಬಂದರು. ಯಾರಿಗೂ ಏನೂ ಆಗಲಿಲ್ಲವಾದ್ದರಿಂದ ಯಾರಿಗೂ ಏನೂ ಅನಿಸಲಿಲ್ಲ. ಆ ಮಳೆಗಾಲವಿಡೀ ಅವನನ್ನು ಪುಕ್ಕಲ ಎಂದು ಕರೆದರು.

“ನಾನೂ ಒಂದ್ ಸಲ ಕರ್ದಿದ್ದೆ,” ಎಂದಳು ದುರ್ಗಿ. “ಸಿಟ್ಟಲ್ಲಿ.”

ಮತ್ತೆ ಕತ್ತಿ ಎತ್ತಿಕೊಂಡಳು.

ರಿಜಿಸ್ಟರಿನಲ್ಲಿ ಉಳಿದದ್ದು ಒಂದೇ ಹಾಳೆ, ಆರುನೂರ ಹನ್ನೊಂದು ಮತ್ತು ಹನ್ನೆರಡು. ನನಗೆ ಬೇಕಿದ್ದರೆ ಅಷ್ಟು ಜಾಗದಲ್ಲಿ ಒಬ್ಬನ ಮೀಸೆಯನ್ನು ಮಾತ್ರ ವರ್ಣಿಸಬಲ್ಲೆ. ಸೋಮವಾರ ಡಬ್ಬಿಗಳನ್ನು ತೊಟ್ಟಿಗೆ ಇಳಿಸಿ ಬರೆಯಲು ಕೂತೆ. ‘ಆನೆಯಂಥ’ ಎಂದು ಕೈ ಬರೆಯಿತು, ಹೊಡೆದು ಹಾಕಿದೆ. ‘ಪ್ರಳಯಕಾಲದ’ ಎಂದಿತು, ಹೊಡೆದು ಹಾಕಿದೆ. ಇಂಥ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ. ಅಮೋನಿಯಾ ಸೋರಿದಾಗ ಒಬ್ಬನೇ ಒಳಗೆ ಹೋಗಿ ವಾಲ್ವ್ ಮುಚ್ಚಿದ್ದಕ್ಕಿಂತ ಕಷ್ಟ. (ಅಂದು ಸೋರಿದ್ದು ಸ್ವಲ್ಪವೇ.) ತೊಟ್ಟಿಯಲ್ಲಿ ನೀರು ತನ್ನಷ್ಟಕ್ಕೆ ಗಟ್ಟಿಯಾಗುತ್ತಿತ್ತು. ಡಬ್ಬಿ ಮೇಲೆತ್ತುವ ಹೊತ್ತಿಗೆ ಹಾಳೆ ತುಂಬಿತ್ತು.

ದೋಣಿ ಏರಿಸುವ ದಿನ ದಂಡೆಯಲ್ಲಿ ಎರಡು ಲಕ್ಷ ಜನ ಸೇರಿದ್ದರು. ಸರಿ, ಅರವತ್ತು. ಕೊನೆಯ ಬಲೆಯಲ್ಲಿ ತಾರ್ಲೆ ಮೀನು ಬಿದ್ದಿತ್ತು. ಮರಳಿನ ಮೇಲೆ ಪಾಲಿಗೊಂದು ಗುಂಪೆ ಹಾಕಿದ್ದರು. ದೋಣಿಯ ಕೆಳಗೆ ದಿಮ್ಮಿ ಕೊಟ್ಟು ಎಲ್ಲರೂ ತಳ್ಳಿದರು. ನಾನೂ ಭುಜ ಕೊಟ್ಟೆ, ದೋಣಿ ಏರಿದ್ದು ಮುಖ್ಯವಾಗಿ ಅದರಿಂದಲೇ. ದೋಣಿಯನ್ನು ಮಡಲು ಹೊದಿಸಿ ಕಟ್ಟಿದ ಮೇಲೆ ಮಂಜು ನನ್ನ ಕಡೆ ನೋಡಿದ.

“ಹಾಂ. ಮಾಬ್ಲೇಶ್ವರನ ಪಾಲು.”

ದುರ್ಗಿ ಮೀನಿನ ಗುಂಪೆಗಳ ಆಚೆ ಖಾಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಮುಖ ಗಟ್ಟಿಯಾಗಿತ್ತು. ಮೋಡಕ್ಕೆ ತಾಗುವ ಗಂಡನನ್ನು ಎಲ್ಲರೆದುರು ಹೊತ್ತುಕೊಂಡು ಹೋಗಬೇಕಾದೀತೋ ಎಂಬ ಭಯ ಅವಳಿಗಿದ್ದಿರಬೇಕು. ನಾನು ಓದಿದೆ:

‘ಮಾಬ್ಲೇಶ್ವರ ಕುಳ್ಳ. ಕಾಲು ಸೊಟ್ಟ. ತಲೆ ಬಾಚಿಕೊಂಡಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ಸುಳಿಯ ಬಾಯಿಗೆ ಬಂದಾಗ ಹುಟ್ಟನ್ನು ಒಳಗೆ ಎಳೆದಿಟ್ಟು, ಲಂಗರು ಬಿಟ್ಟು, ಬೀಡಿ ಹಚ್ಚಿದ. ಇಬ್ಬರು ರಾಜರೂ ಕತ್ತಿ ಹಿರಿದು, ನಡೆಸು ದೋಣಿ, ಎಂದರು. ನೀರು ತಿರಗ್ಲಿ, ಎಂದ ಮಾಬ್ಲೇಶ್ವರ. ರಾಜರು ಪುಕ್ಕಲ ಎಂದರು. ಅವನು ಇನ್ನೊಂದು ಬೀಡಿ ಹಚ್ಚಿದ. ಮೊದಲ ತಾಸು ಅವರಿಗೆ ಸಿಟ್ಟಿತ್ತು. ಎರಡನೆಯ ತಾಸು ಹಸಿವಾಯಿತು. ದೋಣಿಯಲ್ಲಿ ಇದ್ದದ್ದು ಒಂದೇ ಬೋಗುಣಿ ಗಂಜಿ, ಒಂದು ಚೂರು ಬೆಲ್ಲ. ಮೂರು ಪಾಲು ಮಾಡಿದ. ತೊಂಬತ್ತು ವರ್ಷ ಕಾದಾಡಿದವರು ಒಂದೇ ಬೋಗುಣಿಗೆ ಕೈ ಹಾಕಿದರು. ಆರನೆಯ ತಾಸಿಗೆ ನೀರು ತಿರುಗಿತು. ಸುಳಿ ಮಲಗಿತು. ಮಾಬ್ಲೇಶ್ವರ ಬೀಡಿ ನಂದಿಸಿ ಹುಟ್ಟು ಎತ್ತಿಕೊಂಡ. ರಾಜರಿಗೆ ಆ ಹೊತ್ತಿಗೆ ಯುದ್ಧ ಎಲ್ಲಿಗೆ ನಿಂತಿತ್ತೆಂದು ನೆನಪಿರಲಿಲ್ಲ.’

ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಂಗೂ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಂಜು ಮರಳಿನಲ್ಲಿ ಕಾಲ ಹೆಬ್ಬೆರಳಿನಿಂದ ಗೀಟು ಎಳೆಯುತ್ತಿದ್ದ.

“ಆರು ತಾಸಲ್ಲ, ನಾಲ್ಕೂವರೆ,” ಎಂದ.

ಎಲ್ಲರೂ ಅವನನ್ನು ನೋಡಿದರು.

“ಆ ದೋಣೀಲಿ ನಾನಿದ್ದೆ. ಎಲ್ಲರಕಿಂತ ಹೆಚ್ಚು ಬಾಯಿ ಮಾಡ್ದವ್ನೂ ನಾನೇ. ಹೊಸಾ ವಾಚ್ ಕಟ್ಟಿದ್ದೆ, ನಿಮಿಷಕ್ಕೊಂದ್ಸಲ ನೋಡ್ತಿದ್ದೆ. ನಾಲ್ಕೂವರೆ.”

ಜೀವಮಾನದಲ್ಲಿ ಮೊದಲ ಸಲ ನಾನು ಹೆಚ್ಚು ಮಾಡದೇ ಇದ್ದದ್ದು ಹೆಚ್ಚಾಗಿತ್ತು. ಅದು ದುರ್ಗಿ ಕೊಟ್ಟ ಲೆಕ್ಕ. ಅವಳ ಕಡೆ ನೋಡಿದೆ.

“ನಂಗೆ ದಂಡೆ ಮೇಲೆ ನಿಂತು ಆರು ತಾಸೇ ಆಗಿತ್ತು,” ಎಂದಳು. ಆಮೇಲೆ, “ತಿದ್ದು. ಅಂವ ದೋಣೀಲಿದ್ದವ.”

ತಿದ್ದಿದೆ. ಅಲ್ಲೇ, ಎಲ್ಲರ ಎದುರು, ತೊಡೆಯ ಮೇಲೆ ರಿಜಿಸ್ಟರು ಇಟ್ಟು. ದುರ್ಗಿ ಕೈ ಚಾಚಿದಳು.

“ಕೊಡು.”

“ಏನು?”

“ಪಾಲು.”

ಪಾಲೆಂದರೆ ಕೈಗೆ ಬರಬೇಕು. ಓದಿ ತೋರಿಸಿ ವಾಪಸು ಬಗಲಿಗೆ ಇಟ್ಟುಕೊಳ್ಳುವುದು ಎಲ್ಲಿಯ ಪಾಲು? ಮಂಜು ಕೂಡ, “ಹೌದಲ್ಲ,” ಎಂದ. ನನ್ನ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಜೇಬಿನಿಂದ ಫೋನು ತೆಗೆದು, ಒಂದು ಫೋಟೊ ಹೊಡೆದುಕೊಳ್ಳುತ್ತೇನೆ ಅಕ್ಕಾ, ಎಂದೆ.

“ಬೇಡ. ಫೋನಲ್ಲಿ ಎರಡ್ ಬೆರಳು ಇಟ್ಟು ಎಳ್ದು ದೊಡ್ಡ ಮಾಡ್ತಿ ನೀ.”

ಅರವತ್ತು ಜನ ಲಕ್ಷ ಜನರಷ್ಟು ನಕ್ಕರು. ಅವಳೂ ನಕ್ಕಳು. ನಾನು ಹಾಳೆಯನ್ನು ಹರಿದು ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ದುಡ್ಡಿನ ಚೀಲದಲ್ಲಿ ಎಲೆಯಡಿಕೆಯ ಪಕ್ಕ ಇಟ್ಟು, ತಾರ್ಲೆಯ ಪಾಲನ್ನು ಬುಟ್ಟಿಗೆ ತುಂಬಿಕೊಂಡು ಹೋದಳು.

ಮಳೆಗಾಲದಲ್ಲಿ ಅಂಕೋಲೆಯ ಡಿಟಿಪಿ ಅಂಗಡಿಗೆ ರಿಜಿಸ್ಟರು ಕೊಟ್ಟೆ. ಟೈಪು ಮಾಡುವ ಹುಡುಗಿ ಪ್ರೇಕ್ಷಾ ಆರುನೂರ ಹತ್ತನೆಯ ಪುಟಕ್ಕೆ ಬಂದವಳು ಫೋನು ಮಾಡಿದಳು: “ಸರ್, ದೋಣಿ ಸುಳಿ ಬಾಯಲ್ಲಿ ನಿಂತಿದೆ. ಮುಂದೆ ಹಾಳೆ ಹರ್ದು ಹೋಗಿದೆ. ಅವರು ಬದುಕಿದ್ರಾ?” ಬೇರೆ ಕೆಲಸ ಬಿಟ್ಟು ಕಾಯುತ್ತಿದ್ದೇನೆ ಎಂದಳು. ಇದು ನನ್ನ ಉತ್ಪ್ರೇಕ್ಷೆಯಲ್ಲ, ಬೇಕಿದ್ದರೆ ಹೋಗಿ ಕೇಳಿ.

ನನ್ನ ನೆನಪಿನ ಶಕ್ತಿ ಇಡೀ ಜಿಲ್ಲೆಗೆ ಗೊತ್ತಿದ್ದದ್ದು. ನೆನಪಿನಿಂದಲೇ ಬರೆದೆ. ಓದಿ ನೋಡಿದರೆ ಮಾಬ್ಲೇಶ್ವರ ಬಾಗಿಲಿನಲ್ಲಿ ಸ್ವಲ್ಪ ಬಗ್ಗಬೇಕಾಗುವಷ್ಟು ಬೆಳೆದಿದ್ದ. ಹರಿದು ಮತ್ತೆ ಬರೆದೆ. ಈ ಸಲ ಅವನು ಬೀಡಿಯ ಹೊಗೆಯಿಂದ ಸುಳಿಗೆ ಉಸಿರುಗಟ್ಟಿಸಿದ. ಮೂರನೆಯ ಸಲ ಎತ್ತರ ಸರಿಯಿತ್ತು, ಆದರೆ ಈಜು ಬರುತ್ತಿರಲಿಲ್ಲ ಎಂಬ ಸಾಲು ಹೇಗೋ ಬಿಟ್ಟುಹೋಗಿತ್ತು. ಕೈ ಯಾರ ಮಾತು ಕೇಳುತ್ತದೆ?

ಕೊನೆಗೆ ಜೋರು ಮಳೆಯ ಒಂದು ಮಧ್ಯಾಹ್ನ ಕೇಣಿಗೆ ಹೋಗಿ, ಹಣೆ ತಗ್ಗಿಸಿ ಒಳಗೆ ಬಂದು, ನಕಲು ಮಾಡಿಕೊಳ್ಳುತ್ತೇನೆ ಎಂದೆ. ದುರ್ಗಿ ಹಾಳೆ ತೆಗೆದು ಮಣೆಯ ಮೇಲೆ ಬಿಡಿಸಿಟ್ಟಳು. ಮಡಿಕೆಗಳಲ್ಲಿ ಸವೆದಿತ್ತು, ಉಪ್ಪುಮೀನಿನ ವಾಸನೆ ಹಿಡಿದಿತ್ತು. ಅವಳಿಗೆ ಓದಲು ಬರುವುದಿಲ್ಲ. ಮನಿಷಾ ಬಂದಾಗಲೆಲ್ಲ ಓದಿಸಿಕೊಂಡು ಬಾಯಿಪಾಠವಾಗಿದೆ. ನನ್ನ ಎದುರೇ ಕೂತು, ನಾನು ಬರೆಯುವ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಲು ಹೇಳಿದಳು. ಕಿವಿ ಹಿಂಡುವವರ ಹಾಗೆಯೇ ಕೂತಿದ್ದಳು, ಕನ್ನಡದಲ್ಲಿ.

ಒಂದಕ್ಷರ ಹೆಚ್ಚಾಗಲಿಲ್ಲ, ಒಂದಕ್ಷರ ಕಮ್ಮಿಯಾಗಲಿಲ್ಲ. ಮುಗಿಸಲು ನನಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಮೂರು ದಿನ ಎನ್ನುತ್ತಿದ್ದೆ, ಆದರೆ ಗೋಡೆಯ ಮೇಲೆ ಗಡಿಯಾರ ಇತ್ತು. ಏಳಲು ಹೊರಟರೆ ದುರ್ಗಿ ಹೊರಗೆ ಮಳೆ ನೋಡಿ, “ಈಗೆಲ್ಲಿ ಹೋಗ್ತಿ, ಕೂತ್ಕೊ,” ಎಂದು ಗಂಜಿ ಬಡಿಸಿದಳು. ಪಕ್ಕಕ್ಕೆ ಒಂದು ಚೂರು ಬೆಲ್ಲ.